ಕೊನೆಗೆ ಮುಟ್ಟಿದವರ ಹೆಸರು

ಆ ಕಚೇರಿಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ದೀಪದ ಸ್ವಿಚ್ಚು ಒತ್ತುತ್ತಿದ್ದವಳು ಅಕ್ಕ. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲ ಬಳಿಯ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ಮುಖ್ಯಸ್ಥರವರೆಗೆ ಯಾರ ಬಾಯಲ್ಲೂ ಬೇರೆ ಹೆಸರಿಲ್ಲ. ಆಸ್ಪತ್ರೆಗಳಿಗಾಗಿ ಸಾಫ್ಟ್‌ವೇರ್ ಬರೆಯುವ ಕಂಪನಿ ಅದು. ಯಾವ ರೋಗಿ ಯಾವ ದಿನ ಯಾವ ವೈದ್ಯರನ್ನು ಕಾಣಬೇಕೆಂದು ಗೊತ್ತುಮಾಡುವುದು, ಅದನ್ನು ಮೊಬೈಲಿಗೆ ಮೆಸೇಜು ಕಳಿಸಿ ನೆನಪಿಸುವುದು ಅಕ್ಕನ ಟೀಮಿನ ಹೊಣೆ. ಟೀಮಿಗೆ ಅವಳೇ ಲೀಡ್.

ಅಷ್ಟು ಬೇಗ ಬರುವುದಕ್ಕೆ ಅವಳಿಗೊಂದು ಕಾರಣವಿತ್ತು. ಈ ವೃತ್ತಿಯಲ್ಲಿ ಒಂದು ಪದ್ಧತಿ ಇದೆ: ಕಿರಿಯರು ಬರೆದ ಕೋಡನ್ನು ಹಿರಿಯರು ಓದಬೇಕು, ತಪ್ಪಿರುವ ಕಡೆ ಪಕ್ಕದಲ್ಲಿ ನಾಲ್ಕು ಮಾತು ಬರೆದು ಹಿಂದಿರುಗಿಸಬೇಕು, ಬರೆದವರೇ ತಿದ್ದಿ ಮತ್ತೆ ಒಪ್ಪಿಸಬೇಕು. ಕಿರಿಯರು ಗೊಣಗುತ್ತಾರೆ, ಹಿರಿಯರು ಬೇಸರಿಸುತ್ತಾರೆ. ಆದರೂ ಕೆಲಸ ಕೈಗೆ ಹತ್ತುವುದು ಹೀಗೆಯೇ. ಅಕ್ಕ ಮಾತ್ರ ಪಕ್ಕದಲ್ಲಿ ಏನನ್ನೂ ಬರೆಯುತ್ತಿರಲಿಲ್ಲ. ಹಿಂದಿನ ಸಂಜೆ ಹುಡುಗರು ಒಪ್ಪಿಸಿ ಹೋದುದನ್ನು ಖಾಲಿ ಕಚೇರಿಯಲ್ಲಿ ಕುಳಿತು ತೆರೆಯುವಳು. ತಪ್ಪು ಕಂಡಲ್ಲಿ ತಾನೇ ತಿದ್ದುವಳು. ಸಾಲು ಸೊಟ್ಟಗಿದ್ದರೆ ಅಳಿಸಿ ತಾನೇ ಹೊಸದಾಗಿ ಬರೆಯುವಳು. ಒಪ್ಪಿಗೆಯ ಗುಂಡಿ ಒತ್ತಿ, ಚಹಾ ತರಲು ಏಳುವಳು. ಹುಡುಗರು ಬಂದು "ಹೇಗಿತ್ತು ಅಕ್ಕಾ?" ಎಂದರೆ, "ಚೆನ್ನಾಗಿತ್ತು ಕಣ್ರೋ. ಅಲ್ಲಿ ಇಲ್ಲಿ ಸ್ವಲ್ಪ ಸವರಿದ್ದೀನಿ, ಅಷ್ಟೆ," ಎನ್ನುವಳು.

ಇದರ ಹಿಂದೆ ಒಂದು ನೋವಿತ್ತು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೊಂದು ಕಂಪನಿಯ ಮೇಲಧಿಕಾರಿಯೊಬ್ಬ ಅವಳ ಕೋಡನ್ನು ಗೋಡೆಯ ದೊಡ್ಡ ಪರದೆಯ ಮೇಲೆ ಹಾಕಿ, ಎಲ್ಲರ ಎದುರು ಸಾಲು ಸಾಲಾಗಿ ಓದಿ ನಕ್ಕಿದ್ದ. ಕಲಿಸುವ ಜಾಗದಲ್ಲಿ ನಿಂತು ಕಲಿಯುವವರನ್ನು ನಗೆಪಾಟಲು ಮಾಡುವವನಿಗಿಂತ ಕೀಳಾದವನು ಯಾವ ಕಸುಬಿನಲ್ಲೂ ಇರಲಾರ. ಆ ದಿನ ಶೌಚಾಲಯದ ನಲ್ಲಿ ಬಿಟ್ಟುಕೊಂಡು, ಸದ್ದು ಹೊರಗೆ ಕೇಳದಂತೆ ಅತ್ತವಳು ಅಲ್ಲಿಯೇ ಒಂದು ನಿಶ್ಚಯ ಮಾಡಿದ್ದಳು. ತನ್ನ ಕೈಕೆಳಗಿನ ಯಾವ ಮಗುವಿಗೂ ಈ ಗತಿ ಬರಕೂಡದು. ಆ ನಿಶ್ಚಯವನ್ನು ಅವಳು ಪಾಲಿಸಿದಳು. ಎಷ್ಟು ಚಾಚೂ ತಪ್ಪದೆ ಪಾಲಿಸಿದಳೆಂದರೆ, ಅವಳ ಟೀಮಿನಲ್ಲಿ ಯಾರಿಗೂ ತಮ್ಮ ತಪ್ಪು ಯಾವುದೆಂದೇ ಗೊತ್ತಿರಲಿಲ್ಲ.

ಆ ಟೀಮಿನಲ್ಲಿ ಎಲ್ಲರಿಗಿಂತ ಕಿರಿಯವಳು ಗುಬ್ಬಿ. ಪುಟ್ಟ ದೇಹ, ಚುರುಕು ನಡೆ. ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತರೆ ಮೇಜಿನಾಚೆ ಕಾಣುತ್ತಿದ್ದುದು ತಲೆ ಮಾತ್ರ. ಆ ಹೆಸರಿಟ್ಟವನು ಪಕ್ಕದ ಮೇಜಿನ ವಕೀಲ. ಅವನು ಕಾನೂನು ಓದಿದವನೇನಲ್ಲ, ಚಹಾ ಬಿಸಿಯಿದೆ ಎಂದರೂ "ಬಿಸಿ ಅನ್ನೋದಕ್ಕೆ ಆಧಾರ ಏನು?" ಎಂದು ವಾದಕ್ಕೆ ನಿಲ್ಲುವ ಗುಣಕ್ಕೆ ಟೀಮು ಕೊಟ್ಟ ಬಿರುದು ಅದು. ಗುಬ್ಬಿ ಸೇರಿ ಹತ್ತಿರ ಹತ್ತಿರ ಒಂದು ವರ್ಷ. ಪ್ರೊಬೇಷನ್ನಿನ ಅವಧಿ ಮುಗಿಯುತ್ತ ಬಂದಿತ್ತು. ಕೆಲಸ ಖಾಯಂ ಆದರೆ ತಮ್ಮನನ್ನು ಕರೆಸಿಕೊಂಡು ಓದಿಸುವುದಾಗಿ ಅವಳು ಒಮ್ಮೆ ಹೇಳಿದ್ದಳು; ಹೇಳಿದ್ದಕ್ಕೇ ನಾಚಿಕೊಂಡು ಮತ್ತೆ ಆ ಮಾತೆತ್ತಿರಲಿಲ್ಲ. ಅಕ್ಕನಿಗೆ ಅವಳನ್ನು ಕಂಡರೆ ಒಂದು ತೂಕ ಹೆಚ್ಚು ಅಕ್ಕರೆ. ಆದ್ದರಿಂದ ಅವಳ ಕೋಡನ್ನು ಒಂದು ತೂಕ ಹೆಚ್ಚು ತಿದ್ದುತ್ತಿದ್ದಳು.

ರೋಗಿಗಳಿಗೆ ನೆನಪಿನ ಮೆಸೇಜು ಕಳಿಸುವ ಭಾಗವನ್ನು ಗುಬ್ಬಿಗೆ ವಹಿಸಲಾಗಿತ್ತು. ಅವಳು ಬರೆದು ಒಪ್ಪಿಸಿದಳು. ಅಕ್ಕ ಎಂದಿನಂತೆ ಬೆಳಿಗ್ಗೆ ಬಂದು, ಎಂದಿನಂತೆ ತಿದ್ದಿ, ಎಂದಿನಂತೆ ಗುಂಡಿ ಒತ್ತಿದಳು. ಹೊಸ ವ್ಯವಸ್ಥೆ ಆಸ್ಪತ್ರೆಗಳಿಗೆ ಹೋಯಿತು.

ಕೆಲವು ದಿನಗಳಲ್ಲೇ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಅಕ್ಕನ ಮನೆಯಲ್ಲಿಯೇ ಗದ್ದಲವೆದ್ದಿತು. ಅವಳ ಅತ್ತೆ ಕೆಲವು ವಾರಗಳ ಹಿಂದೆ ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದರು; ಅವರು ಚಿಕಿತ್ಸೆ ಪಡೆಯುತ್ತಿದ್ದ ಆಸ್ಪತ್ರೆಯಲ್ಲೇ ಅವರ ತಂಗಿ ಹೃದಯದ ತೊಂದರೆಯಿಂದ ದಾಖಲಾಗಿದ್ದರು. ದಿಂಬಿನ ಪಕ್ಕದ ಮೊಬೈಲು ಕುಂಯ್ ಎಂದಿತು. ಆಸ್ಪತ್ರೆಯ ಹೆಸರು ಕಂಡದ್ದೇ ತಡ, ಮುಂದಿನದನ್ನು ಓದುವ ಧೈರ್ಯವಿಲ್ಲದೆ ಅತ್ತೆ ಒಂದೇ ಕೈಯಲ್ಲಿ ಗೋಡೆ ಹಿಡಿದುಕೊಂಡು ನಡುಮನೆಗೆ ಬಂದಿದ್ದರು.

"ಓದೇ... ನೀನೇ ಓದು. ನನ್ನ ತಂಗಿ ಹೋದಳು ಅಂತ ಕಾಣುತ್ತೆ."

ಅಕ್ಕ ಮೊಬೈಲು ತೆಗೆದುಕೊಂಡು ಓದಿದಳು. ಮುಂಗೈ ಪರೀಕ್ಷೆಗೆ ಮೂಳೆ ವೈದ್ಯರನ್ನು ಕಾಣುವ ಸಮಯ ಗೊತ್ತಾಗಿದೆ, ಹಳೆಯ ಎಕ್ಸ್‌ರೇ ತರುವುದು. ಅಷ್ಟೇ.

ಅತ್ತೆ ಕುರ್ಚಿಯಲ್ಲಿ ಕುಸಿದು ಕುಳಿತರು. ಅಕ್ಕನ ಗಂಡ ನೀರು ತಂದುಕೊಟ್ಟ. ಎರಡು ಗುಟುಕು ಒಳಗಿಳಿದ ಮೇಲೆ ಅವರ ನಾಲಿಗೆ ಮರಳಿ ಬಂತು. "ಅಲ್ಲ ಕಣೇ, ಎಕ್ಸ್‌ರೇ ತಗೊಂಡು ಬಾ ಅನ್ನೋಕೆ ಈ ಹೊತ್ತೇ ಬೇಕಿತ್ತಾ? ಇದನ್ನ ಬರೆದ ಪುಣ್ಯಾತ್ಮರಿಗೆ ಮನೇಲಿ ಹಿರಿಯರು ಅಂತ ಯಾರೂ ಇಲ್ವಾ? ಕೈ ಮುರಿದಿದ್ದು ಸಾಲದು ಅಂತ ಎದೆಯನ್ನೂ ಒಡೀಬೇಕಾ?"

"ತಪ್ಪಾಗಿದೆ ಅತ್ತೆ. ನಮ್ಮದೇ ಕೆಲಸ. ಹೊಸ ಹುಡುಗಿ ಬರೆದಿದ್ದು, ಅವಳಿಗೆ ಹೊಳೆದಿಲ್ಲ. ಇವತ್ತೇ ಸರಿಮಾಡ್ತೀನಿ."

ಹೊಸ ಹುಡುಗಿ ಬರೆದದ್ದು! ಎಷ್ಟು ಸಲೀಸಾಗಿ ಬಂದುಬಿಟ್ಟಿತು ಆ ಮಾತು. ಅದರಲ್ಲಿ ದ್ವೇಷವಿರಲಿಲ್ಲ, ಮೋಸವಿರಲಿಲ್ಲ. ಅವಳು ಹಾಗೆಯೇ ನಂಬಿದ್ದಳು. ಪರರ ಮೇಲೆ ಹೊರಿಸುವ ಅಪವಾದಗಳಲ್ಲಿ ಬಹುಪಾಲು ಹೀಗೆ ನಂಬಿಕೊಂಡೇ ಹೊರಿಸಿದವು.

ಕಚೇರಿಗೆ ಬಂದರೆ ಅಲ್ಲಿಯೂ ಅದೇ ಸುದ್ದಿ. ಆಸ್ಪತ್ರೆಗಳಿಂದ ದೂರುಗಳು ಬಂದಿದ್ದವು. ಅಕ್ಕ ಚೀಲ ಇಡುವ ಮೊದಲೇ ಮೇಲಿನ ಮಹಡಿಯಿಂದ ಕರೆ ಬಂತು. ಮುಖ್ಯಸ್ಥರು ಕೆಟ್ಟ ಮನುಷ್ಯರಲ್ಲ. ಬೆನ್ನುನೋವಿನಿಂದಾಗಿ ನಿಂತೇ ಕೆಲಸ ಮಾಡುತ್ತಿದ್ದರು, ನಿಂತೇ ಜನರ ಹಣೆಬರಹವನ್ನೂ ತೀರ್ಮಾನಿಸುತ್ತಿದ್ದರು.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಸಿಹಿ ಮೊದಲಾ, ಕಹಿ ಮೊದಲಾ?"

"ಯಾವುದಾದರೂ ಸರಿ ಸಾರ್, ಬೇಗ ಹೇಳಿ. ಕೆಳಗೆ ದೂರು ಕಾಯ್ತಾ ಇವೆ."

"ಹಾಗಾದ್ರೆ ಸಿಹಿ. ಎಲ್ಲ ಟೀಮುಗಳ ಮೇಲೆ ಒಬ್ಬರನ್ನ ಕೂರಿಸಬೇಕು ಅಂತ ತೀರ್ಮಾನ ಆಗಿದೆ. ನಾನು ನಿಮ್ಮ ಹೆಸರು ಹೇಳಿದ್ದೀನಿ. ಕಾರಣ ನೋಡಿ, ಇಲ್ಲೇ ಇದೆ." ಅವರು ಪರದೆಯನ್ನು ತಿರುಗಿಸಿದರು.

ಕಂಪನಿಯ ಕೋಡಿನಲ್ಲಿ ಪ್ರತಿ ಸಾಲಿನ ಪಕ್ಕದಲ್ಲಿಯೂ ಒಂದು ಹೆಸರು ಇರುತ್ತದೆ: ಆ ಸಾಲನ್ನು ಕೊನೆಗೆ ಮುಟ್ಟಿದವರ ಹೆಸರು. ಆ ಹೆಸರುಗಳನ್ನೆಲ್ಲ ಕೂಡಿಸಿ ಯಾರೋ ಒಂದು ಚಿತ್ರ ಬರೆದಿದ್ದರು. ಟೀಮಿನ ಬಹುಪಾಲು ಅಕ್ಕನ ಹೆಸರಿನ ಬಣ್ಣದಿಂದ ತುಂಬಿತ್ತು. ಅಂಚಿನಲ್ಲಿ ವಕೀಲನದೊಂದು ಪಟ್ಟಿ, ಇತರರದು ಒಂದೊಂದು ಎಳೆ. ಗುಬ್ಬಿಯ ಬಣ್ಣ ಯಾವುದೆಂದು ಅಕ್ಕ ಹುಡುಕಿದಳು. ಇರಲಿಲ್ಲ.

"ಈಗ ಕಹಿ," ಎಂದರು ಮುಖ್ಯಸ್ಥರು. "ಆ ಹುಡುಗಿ. ಒಂದು ವರ್ಷ ಸಂಬಳ ತಗೊಂಡಿದ್ದಾಳೆ, ಇಡೀ ವ್ಯವಸ್ಥೆಯಲ್ಲಿ ಅವಳದು ಅಂತ ಒಂದು ಸಾಲಿಲ್ಲ. ಅವಳಿಗೆ ಕೊಟ್ಟ ಒಂದೇ ದೊಡ್ಡ ಕೆಲಸದಲ್ಲಿ ಈ ಅನಾಹುತ. ನಾಳೆ ಬೆಳಿಗ್ಗೆ ಸಭೆ ಇದೆ, ನೀವು ಒಂದು ಮಾತು ಹೇಳಿದರೆ ಸಾಕು, ಗೌರವವಾಗಿ ಕಳಿಸಿಕೊಡೋಣ."

"ಸಾರ್, ಅವಳು ಒಳ್ಳೆ ಹುಡುಗಿ."

"ಒಳ್ಳೆಯವರು ಬೇಕಾದಷ್ಟು ಜನ ಸಿಗ್ತಾರೆ. ಅನುಭವದ ಮಾತು ಹೇಳ್ತೀನಿ, ಕೇಳಿ. ಮೇಲೆ ಹೋಗೋರು ಎಲ್ಲರನ್ನೂ ಹೊತ್ಕೊಂಡು ಮೆಟ್ಟಿಲು ಹತ್ತೋಕಾಗಲ್ಲ. ನಿಮ್ಮ ಲೆಕ್ಕ ಹೀಗೆ ಹೊಳೀತಿರೋವಾಗ ಬೇರೆಯವರ ಮಸಿ ಮೆತ್ತಿಕೊಳ್ಳಬೇಡಿ."

ದುಡಿಮೆಯನ್ನು ಅಳೆಯಲು ಯಾವುದೋ ಒಂದು ಅಳತೆಗೋಲು ಬೇಕು, ನಿಜ. ಆದರೆ ಅದನ್ನು ಹಿಡಿದವನು ತಾನು ಅಳೆಯುತ್ತಿರುವುದು ಏನನ್ನು ಎಂದು ಒಮ್ಮೆಯಾದರೂ ಬಗ್ಗಿ ನೋಡಬೇಡವೇ? ಒಂದು ಜೀವದ ವರ್ಷವಿಡೀ ಬಣ್ಣದ ಚಿತ್ರವೊಂದರಲ್ಲಿ ಮಾಯವಾಗಿತ್ತು. ಇಷ್ಟು ದೊಡ್ಡ ಕಟ್ಟಡದಲ್ಲಿ ಅದು ಹೇಗೆ ಮಾಯವಾಯಿತೆಂದು ಕೇಳುವ ಒಬ್ಬನೇ ಒಬ್ಬ ಮನುಷ್ಯನಿರಲಿಲ್ಲ.

ಅಕ್ಕ ಕೆಳಗಿಳಿದು ಬಂದಳು. ಗುಬ್ಬಿಯ ಸಾಲುಗಳು ಎಲ್ಲಿ ಹೋದವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನ ಬೆಳಗಾದರೆ ತಾನೇ ಅಳಿಸಿದ್ದವು. ಅಳಿಸುವಾಗ ಹೆಸರೂ ಅಳಿಸಿಹೋಗುತ್ತದೆಂಬುದು ಹೊಳೆದಿರಲಿಲ್ಲ, ಹೊಳೆಯಬೇಕಿತ್ತು. ಕನಿಷ್ಠ ಈ ಮೆಸೇಜಿನ ತಪ್ಪಾದರೂ ಹುಡುಗಿಯದೇ ಇರಬಹುದೆಂಬ ಒಂದು ಅಲ್ಪ ಆಸೆ ಅವಳ ಮನಸ್ಸಿನ ಮೂಲೆಯಲ್ಲಿ ಉಳಿದಿತ್ತು. ಆ ಆಸೆಗೆ ಅವಳು ಆಮೇಲೆ ನಾಚಿದಳು. ಕೋಡಿನ ಹಳೆಯ ರೂಪಗಳು ಯಂತ್ರದಲ್ಲಿ ಉಳಿದೇ ಇರುತ್ತವೆ. ಗುಬ್ಬಿ ಮೊದಲು ಒಪ್ಪಿಸಿದ್ದನ್ನು ತೆರೆದಳು.

ಸಾಲುಗಳು ಸೊಟ್ಟಗಿದ್ದವು, ಒಂದೆರಡು ಕಡೆ ಸುತ್ತಿ ಬಳಸಿ ಬರೆದಿದ್ದಳು. ನಡುವೆ ಒಂದು ತುಣುಕು. ಮೆಸೇಜು ಸಿದ್ಧವಾದರೂ ಗಡಿಯಾರ ನೋಡಿ, ಹೊತ್ತು ಏರುವ ತನಕ ಅದನ್ನು ತಡೆದು ಹಿಡಿಯುವ ತುಣುಕು ಅದು. ಪ್ರತಿ ತುಣುಕಿಗೂ ಬರೆದವರು ಒಂದು ಹೆಸರಿಡಬೇಕು. ಗುಬ್ಬಿ ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ 'ಬೆಳಗಾಗಲಿ' ಎಂದು ಹೆಸರಿಟ್ಟಿದ್ದಳು.

ಅಕ್ಕನಿಗೆ ಆ ಬೆಳಿಗ್ಗೆ ನೆನಪಾಯಿತು. ಈ ಹೆಸರನ್ನು ಕಂಡು ಅವಳು ನಕ್ಕಿದ್ದಳು. ಮಕ್ಕಳಾಟ ಎಂದುಕೊಂಡಿದ್ದಳು. ಸಿದ್ಧವಾದ ಮೆಸೇಜನ್ನು ಸುಮ್ಮನೆ ಕಾಯಿಸುವುದೇಕೆ ಎಂದು ಇಡೀ ತುಣುಕನ್ನು ತೆಗೆದುಹಾಕಿದ್ದಳು. ಯಾಕೆ ಬರೆದೆ ಎಂದು ಕೇಳಿರಲಿಲ್ಲ. ಮರುದಿನದ ಪಟ್ಟಿಯನ್ನು ಯಂತ್ರ ಸಿದ್ಧಮಾಡುವುದು ಊರೆಲ್ಲ ಮಲಗಿರುವಾಗ ಎಂಬುದು ಗುಬ್ಬಿಗೆ ತಿಳಿದಿತ್ತು. ಅಕ್ಕನಿಗೂ ತಿಳಿದಿತ್ತು, ಅವಸರದಲ್ಲಿ ಮರೆತಿದ್ದಳು. ಸದ್ಯಕ್ಕೆ ರಾತ್ರಿಯ ಮೆಸೇಜುಗಳನ್ನೆಲ್ಲ ನಿಲ್ಲಿಸಿಟ್ಟಳು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಗುಬ್ಬಿ ಕಿಟಕಿಯ ಪಕ್ಕ ಒಬ್ಬಳೇ ಕುಳಿತು ಡಬ್ಬಿಯ ಮುಚ್ಚಳದೊಂದಿಗೆ ಹೆಣಗುತ್ತಿದ್ದಳು. ಅಭ್ಯಾಸಬಲದಿಂದ ಅಕ್ಕನ ಕೈ ಮುಂದಾಯಿತು. ಅಷ್ಟರಲ್ಲಿ ಮುಚ್ಚಳ ಬಿಚ್ಚಿಕೊಂಡಿತು. ಅಕ್ಕ ಎದುರಿಗೆ ಕುಳಿತಳು.

"ಆ 'ಬೆಳಗಾಗಲಿ' ಅನ್ನೋದನ್ನ ಯಾಕೆ ಹಾಕಿದ್ದೆ?"

ಗುಬ್ಬಿಯ ಮುಖ ಕೆಂಪಾಯಿತು. "ಹೆಸರು ಸರಿಯಿರಲಿಲ್ಲ ಅಲ್ವಾ? ಗೊತ್ತು ಅಕ್ಕಾ. ಅವಸರಕ್ಕೆ ಇಟ್ಟಿದ್ದು."

"ಹೆಸರು ಬಿಡು. ಕಾರಣ ಹೇಳು."

"ಅದು... ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಕತ್ತಲಲ್ಲಿ ಫೋನ್ ಸದ್ದು ಮಾಡಿದ್ರೆ ಸಾಕು, ಅಮ್ಮ ಎದ್ದು ಕೂತು ಗಡಗಡ ನಡುಗೋರು. ಒಂದು ಸಲ ಅದು ಫೋನ್ ಕಂಪನಿಯ ಜಾಹೀರಾತು. ಆಸ್ಪತ್ರೆ ಮೆಸೇಜು ಆ ಹೊತ್ತಲ್ಲಿ ಹೋಗೋದು ಬೇಡ ಅನ್ನಿಸ್ತು."

"ಮತ್ತೆ ನಾನು ಅದನ್ನ ತೆಗೆದಾಗ ಯಾಕೆ ಕೇಳಲಿಲ್ಲ ನೀನು?"

ಹುಡುಗಿ ತುತ್ತನ್ನು ಕೈಯಲ್ಲಿಯೇ ಹಿಡಿದು ನೋಡಿದಳು. "ನೀವು ತೆಗೆದಿದ್ದೀರಿ ಅಂದ್ಮೇಲೆ ಏನೋ ಕಾರಣ ಇರುತ್ತೆ ಅಂದ್ಕೊಂಡೆ. ನಾನು ಬರೆದಿದ್ದು ಯಾವುದೂ ಉಳಿಯಲ್ವಲ್ಲ ಅಕ್ಕಾ. ಎಲ್ಲದರಲ್ಲೂ ತಪ್ಪಿರುತ್ತೆ. ಇದರಲ್ಲೂ ಏನೋ ಇತ್ತು ಅಂದ್ಕೊಂಡೆ."

ಗೋಡೆಯ ಪರದೆಯ ಮೇಲೆ ಹಾಕಿ ನಕ್ಕವನು ಅಕ್ಕನಿಗೆ ಒಂದು ದಿನ ನೋವು ಕೊಟ್ಟಿದ್ದ. ಅವಳು, ನಗುಮುಖದಿಂದ, ಚಹಾ ಕೊಡುತ್ತ, ಈ ಹುಡುಗಿಗೆ ಒಂದು ವರ್ಷ ಅದನ್ನೇ ಕೊಟ್ಟಿದ್ದಳು. ತಪ್ಪನ್ನು ಹೇಳದೆ ಮುಚ್ಚುವುದು ಕರುಣೆಯಂತೆ ಕಾಣುತ್ತದೆ. ಕಲಿಯುವವರಿಂದ ಕಲಿಯುವ ಹಕ್ಕನ್ನು ಅದು ಕಸಿದುಕೊಳ್ಳುತ್ತದೆ. ಪ್ರೀತಿಯಿಂದ ಕಸಿದರೂ ಅದು ಕಸಿದದ್ದೇ. ಅಕ್ಕನಿಗೆ ಇನ್ನೇನೋ ಕೇಳಬೇಕೆನ್ನಿಸಿತು. "ಊಟ ಮಾಡು, ಆರಿಹೋಗುತ್ತೆ," ಎಂದಷ್ಟೇ ಹೇಳಿ ಎದ್ದಳು.

ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗಂಡ ಶಾಲೆಯಲ್ಲಿ ಗಣಿತ ಕಲಿಸುವವನು. ಉತ್ತರ ಹೇಳುವ ಮೊದಲು ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಳ್ಳುವ ಜಾತಿ.

"ಅಂದ್ರೆ, ಸುಮ್ಮನಿದ್ರೆ ನಿನಗೆ ದೊಡ್ಡ ಹುದ್ದೆ, ಅವಳಿಗೆ ಮನೆ ದಾರಿ. ಬಾಯಿಬಿಟ್ಟರೆ ಅವಳಿಗೆ ಕೆಲಸ, ನಿನಗೆ ಮನೆ ದಾರಿ."

"ನನಗೆ ಮನೆ ದಾರಿ ಅಂತಲ್ಲ. ಹುದ್ದೆ ಹೋಗಬಹುದು. ಮರ್ಯಾದೆಯೂ."

ಅತ್ತೆ ಅಲ್ಲೇ ಕುಳಿತು ಸ್ವೆಟರಿನ ಗುಂಡಿ ಹಾಕಿಕೊಳ್ಳಲು ಪರದಾಡುತ್ತಿದ್ದರು. ಮುರಿದ ಕೈ ಇನ್ನೂ ಮಾತು ಕೇಳುತ್ತಿರಲಿಲ್ಲ. ಅಕ್ಕ ಮಾತಿನ ನಡುವೆಯೇ ಬಗ್ಗಿ ಗುಂಡಿಗೆ ಕೈಹಾಕಿದಳು. ಅತ್ತೆ ಸೊಸೆಯ ಕೈಮೇಲೆ ಚಟ್ಟನೆ ಒಂದು ಕೊಟ್ಟರು.

"ಬಿಡೇ! ನಾನೇನು ನಿನ್ನ ಗೊಂಬೆನಾ? ನೀನು ಹೀಗೇ ಹಾಕ್ತಾ ಹೋದ್ರೆ ನನ್ನ ಕೈ ಶಾಶ್ವತವಾಗಿ ರಜಾ ತಗೊಳ್ಳುತ್ತೆ. ಹೊತ್ತಾದ್ರೆ ಆಗಲಿ."

ಗಂಡ ನಕ್ಕ. ಅಕ್ಕ ನಗಲಿಲ್ಲ. ಕುಳಿತುಕೊಂಡು, ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು, ಆ ಗುಂಡಿ ಅದರ ಕಾಜಕ್ಕೆ ಸೇರುವವರೆಗೂ ನೋಡಿದಳು. ಇನ್ನೊಬ್ಬರು ಕಷ್ಟಪಡುವುದನ್ನು ಕೈಕಟ್ಟಿ ನೋಡುವುದು ಎಷ್ಟು ಕಷ್ಟವೆಂದು ಅವಳಿಗೆ ಆವರೆಗೆ ತಿಳಿದಿರಲಿಲ್ಲ.

"ನಾಳೆ ಹೇಳಿಬಿಡ್ತೀನಿ," ಎಂದಳು.

"ಹೇಳು. ಹುದ್ದೆ ಹೋದರೆ ಹೋಗಲಿ, ಹಿಟ್ಟು ನಾದೋಕೆ ಮನೇಲಿ ಒಬ್ಬರು ಕಮ್ಮಿ ಇದ್ದಾರೆ," ಎಂದ ಗಂಡ.

ಮರುದಿನ ಸಭೆಯಲ್ಲಿ ಮುಖ್ಯಸ್ಥರು, ಸಿಬ್ಬಂದಿ ವಿಭಾಗದ ಮೇಡಂ, ಅಕ್ಕ, ಮೂವರೇ. ಮೇಡಂ ಗುಬ್ಬಿಯ ಹೆಸರಿನ ಕಡತ ತೆರೆದು, ಪೆನ್ನಿನ ಮುಚ್ಚಳ ತೆಗೆದು, "ಇದು ಎರಡು ನಿಮಿಷದ ಕೆಲಸ ಅಲ್ವಾ?" ಎಂದರು. ಒಬ್ಬಳ ಅನ್ನದ ವಿಚಾರ ಅವರಿಗೆ ಎರಡು ನಿಮಿಷದ್ದು.

"ಇಲ್ಲ ಮೇಡಂ, ಸ್ವಲ್ಪ ಹೊತ್ತು ಹಿಡಿಯುತ್ತೆ," ಎಂದು ಅಕ್ಕ ಎದ್ದು ಪರದೆಯ ಬಳಿ ಹೋದಳು. ಗುಬ್ಬಿ ಒಪ್ಪಿಸಿದ ಕೋಡನ್ನು ಎಡಗಡೆ, ತಾನು ತಿದ್ದಿದ ಮೇಲೆ ಉಳಿದದ್ದನ್ನು ಬಲಗಡೆ ಇಟ್ಟಳು. "ಎಡಗಡೆ ಇರೋದು ಅವಳ ಕೆಲಸ. ಬಲಗಡೆ ಇರೋದು ನಾನು ಮಾಡಿದ್ದು. ಮೆಸೇಜು ಬೆಳಗಾಗೋ ತನಕ ಕಾಯಬೇಕು ಅಂತ ಅವಳು ಬರೆದಿದ್ದಳು. ತೆಗೆದುಹಾಕಿದ್ದು ನಾನು. ಅವಳನ್ನ ಕೇಳದೆ."

ಮುಖ್ಯಸ್ಥರು ಮೊದಲ ಬಾರಿಗೆ ಕುರ್ಚಿಯಲ್ಲಿ ಕುಳಿತರು. "ಅಕ್ಕ, ಏನು ಹೇಳ್ತಾ ಇದ್ದೀರಿ ಅನ್ನೋದು ಗೊತ್ತಿದೆಯಾ?"

"ಗೊತ್ತಿದೆ ಸಾರ್. ನೀವು ನಿನ್ನೆ ತೋರಿಸಿದ ಚಿತ್ರದಲ್ಲಿ ನನ್ನ ಬಣ್ಣ ಅಷ್ಟೊಂದು ಇದೆಯಲ್ಲ, ಅದು ನನ್ನ ದುಡಿಮೆಯಲ್ಲ. ಐದು ಜನರ ಕೆಲಸದ ಮೇಲೆ ನಾನು ದಿನಾ ಬೆಳಿಗ್ಗೆ ಬಣ್ಣ ಬಳಿದಿದ್ದೀನಿ. ಅವರ ತಪ್ಪು ಅವರಿಗೆ ಹೇಳೋ ಧೈರ್ಯ ನನಗಿರಲಿಲ್ಲ. ಲೀಡ್ ಮಾಡಬೇಕಾದ ಕೆಲಸ ಒಂದೇ ಒಂದು, ಅದನ್ನೇ ನಾನು ಮಾಡಿಲ್ಲ."

"ಈಗ ಹೇಳಿದರೆ ದೂರು ನಿಮ್ಮ ಹೆಸರಿಗೆ ಬೀಳುತ್ತೆ."

"ಬೀಳಲಿ. ನಂದೇ ಅದು."

"ಆ ಹುದ್ದೆಗೆ ಮತ್ತೆ ನಿಮ್ಮ ಹೆಸರು ಹೇಳೋಕೆ ನನಗೆ ಬಾಯಿರಲ್ಲ."

ಆಸೆಯಿಲ್ಲದವಳೇನೂ ಅಲ್ಲ ಅಕ್ಕ. ನಿನ್ನೆ ಆ ಮಾತು ಕೇಳಿ ಮೆಟ್ಟಿಲಿಳಿಯುವಾಗ ಎದೆ ಒಮ್ಮೆ ಕುಣಿದದ್ದು ನಿಜ. "ಆಗಲಿ ಸಾರ್," ಎಂದಳು. "ಆದ್ರೆ ಅವಳನ್ನ ಕಳಿಸೋ ಹಾಗಿಲ್ಲ. ಅವಳ ಬಗ್ಗೆ ನಿಮಗೇನೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಒಂದು ವರ್ಷ ಗೊತ್ತಾಗೋಕೆ ನಾನೇ ಬಿಟ್ಟಿಲ್ಲ."

ಮೇಡಂ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು. ಮುಖ್ಯಸ್ಥರು ಬಹಳ ಹೊತ್ತು ಪರದೆಯ ಎಡಭಾಗವನ್ನೇ ನೋಡುತ್ತಿದ್ದರು. ಒಮ್ಮೆ ಅವರ ತುಟಿ ಅಲುಗಿತು. 'ಬೆಳಗಾಗಲಿ' ಎಂಬುದನ್ನು ಓದಿರಬೇಕು.

"ಒಂದು ಕೆಲಸ ಮಾಡೋಣ," ಎಂದರು ಕೊನೆಗೆ. "ಇದನ್ನ ಅವಳೇ ಸರಿಮಾಡಲಿ. ಇವತ್ತೇ. ನೀವು ಕೀಲಿಮಣೆ ಮುಟ್ಟಕೂಡದು. ಪದ್ಧತಿ ಪ್ರಕಾರ ಓದಿ, ಹೇಳಬೇಕಾದ್ದನ್ನ ಹೇಳಿ. ಅವಳ ಕೈಯಿಂದ ಸರಿಯಾಗಿ ಹೊರಗೆ ಬಂತು ಅಂದ್ರೆ ಖಾಯಂ ಪತ್ರಕ್ಕೆ ನಾನೇ ಸಹಿ ಹಾಕ್ತೀನಿ. ಬರಲಿಲ್ಲ ಅಂದ್ರೆ, ಅಕ್ಕ, ಆಮೇಲೆ ನನ್ನ ಹತ್ತಿರ ಬರಬೇಡಿ."

ಅಕ್ಕ ಕೆಳಗೆ ಬಂದು ಗುಬ್ಬಿಯನ್ನು ಮೂಲೆಯ ಪುಟ್ಟ ಕೋಣೆಗೆ ಕರೆದು ನಡೆದದ್ದನ್ನೆಲ್ಲ ಹೇಳಿದಳು. ಒಂದನ್ನೂ ಸವರಲಿಲ್ಲ. ಹುಡುಗಿ ಅಳಬಹುದು, ಇಲ್ಲವೇ ಉಪಕಾರ ಸ್ಮರಿಸಬಹುದು ಎಂದು ನಿರೀಕ್ಷಿಸಿದ್ದಳು. ಎರಡೂ ಆಗಲಿಲ್ಲ.

"ನನ್ನ ಕೆಲಸ ಉಳಿಸೋಕೆ ಅಂತ ಹೇಳಿದ್ರಾ," ಎಂದು ಗುಬ್ಬಿ ನಿಧಾನವಾಗಿ ಕೇಳಿದಳು, "ಅಥವಾ ಅದು ನಿಜ ಅಂತ ಹೇಳಿದ್ರಾ?"

"ನಿಜ ಅಂತ."

"ನಾನು ದಡ್ಡಿ ಅಂದ್ಕೊಂಡಿದ್ದೆ ಅಕ್ಕಾ. ಒಂದು ವರ್ಷ. ಮನೆಗೆ ಹೋಗಿ ಅಮ್ಮನ ಹತ್ತಿರ ಫೋನಲ್ಲಿ, ಎಲ್ಲ ಚೆನ್ನಾಗಿದೆ, ಅಕ್ಕ ತುಂಬಾ ಒಳ್ಳೆಯವರು ಅಂತ ಹೇಳ್ತಿದ್ದೆ. ಹೇಳಿ ಆದ್ಮೇಲೆ, ಇಷ್ಟು ಒಳ್ಳೆಯವರ ಹತ್ತಿರ ಇದ್ದೂ ನನಗೆ ಏನೂ ಬರ್ತಾ ಇಲ್ವಲ್ಲ ಅಂತ..." ಅವಳ ದನಿ ಏರಿತು. "ಒಂದು ಸಲ ಬೈದಿದ್ರೆ ಏನಾಗ್ತಿತ್ತು? ಇಲ್ಲಿ ತಪ್ಪು, ಹೀಗೆ ಮಾಡು ಅಂತ ಒಂದೇ ಒಂದು ಸಲ?"

ಅಕ್ಕ ತಲೆತಗ್ಗಿಸಿದಳು. ಹೇಳಲು ಸಮಜಾಯಿಷಿಗಳಿದ್ದವು, ಗೋಡೆಯ ಪರದೆಯ ಕಥೆಯೂ ಇತ್ತು. ಆದರೆ ನೊಂದವಳ ಎದುರು ತನ್ನ ನೋವಿನ ಕಥೆ ಬಿಚ್ಚುವುದು ಇನ್ನೊಂದು ಬಗೆಯ ಬಾಯಿಮುಚ್ಚಿಸುವಿಕೆ. ಅವಳು ಹೇಳಲಿಲ್ಲ. "ತಪ್ಪಾಯ್ತು ಮಗಳೇ," ಎಂದಳು.

ಗುಬ್ಬಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ನಾನು ಕರೆಯೋ ತನಕ ಬರಬೇಡಿ. ಪಕ್ಕದಲ್ಲಿ ನಿಂತು ನೋಡಲೂಬೇಡಿ. ನೀವು ನಿಂತರೆ ನನ್ನ ಬೆರಳು ಓಡಲ್ಲ."

ಹಾಗೆ ಅಕ್ಕ ತನ್ನದೇ ಟೀಮಿನ ಗಾಜಿನ ಕೋಣೆಯ ಹೊರಗೆ, ಕುಡಿಯುವ ನೀರಿನ ಯಂತ್ರದ ಪಕ್ಕದಲ್ಲಿ, ಪರೀಕ್ಷೆಯ ಕೋಣೆಯಾಚೆ ಕಾಯುವ ತಾಯಿಯಂತೆ ಅಡ್ಡಾಡಿದಳು. ವಕೀಲ ಲೋಟ ಹಿಡಿದುಕೊಂಡು ಬಂದ.

"ಏನಕ್ಕಾ, ಗಡೀಪಾರಾ?"

"ಹೌದಪ್ಪ. ನೀನೂ ಒಂದು ದಾವೆ ಹೂಡು. ನಿನ್ನ ಸಾಲುಗಳನ್ನೂ ಅಳಿಸಿದ್ದೀನಿ."

"ಗೊತ್ತು," ಎಂದ ಅವನು. ತಮಾಷೆ ಮುಖದಿಂದ ಇಳಿಯಿತು. "ನನಗೆ ವಾದ ಮಾಡೋಕೆ ಬರುತ್ತೆ, ಅದಕ್ಕೆ ಆಗಾಗ ಜಗಳವಾಡಿ ಒಂದಷ್ಟು ಉಳಿಸಿಕೊಂಡೆ. ಅವಳಿಗೆ ಬರಲಿಲ್ಲ. ನಾನೂ ಅವಳ ಪರವಾಗಿ ವಾದಿಸಬಹುದಿತ್ತು, ವಾದಿಸಲಿಲ್ಲ. ವಕೀಲನಂತೆ, ವಕೀಲ!" ಲೋಟ ತುಂಬಿ ಚೆಲ್ಲುತ್ತಿದ್ದುದು ಅವನ ಗಮನಕ್ಕೆ ಬರಲಿಲ್ಲ. "ನಾಳೆಯಿಂದ ನನ್ನ ಕೋಡಿಗೂ ಬರೀರಿ. ಖಾರವಾಗೇ ಬರೀರಿ. ನಾನು ತಕರಾರು ಸಲ್ಲಿಸ್ತೀನಿ."

ಕಿಟಕಿಯಿಂದ ಬಿಸಿಲು ಮೇಜುಗಳ ಮೇಲೆ ಒಂದೊಂದಾಗಿ ದಾಟಿ ಹೋಯಿತು. ಗಾಜಿನ ಆಚೆ ಗುಬ್ಬಿಯ ತಲೆ ಮಾತ್ರ ಕಾಣುತ್ತಿತ್ತು. ಅದು ಬಗ್ಗುತ್ತಿತ್ತು, ಏಳುತ್ತಿತ್ತು, ಒಮ್ಮೆ ಎರಡು ಕೈಗಳ ನಡುವೆ ಸೇರಿಕೊಂಡಿತು. ಆಗ ಅಕ್ಕನ ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಒಳಗೆ ಹೋಗಿದ್ದರೆ ಅಷ್ಟು ಹೊತ್ತಿಗೆ ಎರಡು ಬಾರಿ ಬರೆದು ಮುಗಿಸಿರುತ್ತಿದ್ದಳು. ಆ ಅರಿವೇ ಅವಳಿಗೆ ಕೊಡಲಾದ ಶಿಕ್ಷೆ.

ಕೊನೆಗೆ ಬಾಗಿಲು ತೆರೆಯಿತು. "ಅಕ್ಕಾ, ಬನ್ನಿ. ನೋಡಿ. ಮುಟ್ಟಬೇಡಿ."

ಅಕ್ಕ ಕುಳಿತು ಓದತೊಡಗಿದಳು. ಸಾಲುಗಳು ಹಿಂದಿಗಿಂತ ನೇರವಾಗಿದ್ದವು. ಮೆಸೇಜು ಕಾಯುತ್ತಿತ್ತು, ತಡೆದದ್ದು ಕಳೆದುಹೋಗದಂತೆ ಹುಡುಗಿ ಹೊಸದೊಂದು ಏರ್ಪಾಡನ್ನೂ ಮಾಡಿದ್ದಳು. ಅಕ್ಕನಿಗೆ ಅದು ಹೊಳೆದಿರುತ್ತಿರಲಿಲ್ಲ. ಅವಳ ಎದೆ ತುಂಬಿ ಬಂತು. ಇನ್ನೇನು ಬಾಯ್ತುಂಬ ಹೊಗಳಬೇಕು, ಆಗ ಕಣ್ಣು ಒಂದು ಕಡೆ ನಿಂತಿತು. ಸಣ್ಣ ಲೋಪ. ತುರ್ತಿನ ಮೆಸೇಜನ್ನೂ ಇದು ಬೆಳಗಾಗುವ ತನಕ ಹಿಡಿದುಬಿಡುತ್ತದೆ. ಶಸ್ತ್ರಚಿಕಿತ್ಸೆಗೆ ನಸುಕಿನಲ್ಲೇ ಬರಬೇಕಾದವರಿಗೆ ಸುದ್ದಿ ತಡವಾಗುತ್ತದೆ.

ಒಂದು ಸಾಲು. ಬೆರಳ ತುದಿಯಲ್ಲಿತ್ತು ಪರಿಹಾರ. ಪಕ್ಕದಲ್ಲಿ ಹುಡುಗಿ ಉಸಿರು ಬಿಗಿಹಿಡಿದು, ಕಣ್ಣಲ್ಲಿ ದೀಪ ಹಚ್ಚಿಕೊಂಡು ಕುಳಿತಿದ್ದಳು. ಆ ದೀಪ ಆರಿಸುವ ಮಾತನ್ನು ಅಕ್ಕ ಇಷ್ಟು ವರ್ಷ ಯಾರಿಗೂ ಆಡಿರಲಿಲ್ಲ. ಎರಡು ಕೈಗಳನ್ನೂ ಅವಳು ತನ್ನ ತೊಡೆಗಳ ಕೆಳಗೆ ಇಟ್ಟುಕೊಂಡಳು.

"ಚೆನ್ನಾಗಿದೆ," ಎಂದಳು. "ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ಇದರಲ್ಲೊಂದು ತಪ್ಪಿದೆ ಕಣೇ."

ಗುಬ್ಬಿಯ ಮುಖ ಸಣ್ಣಗಾಯಿತು. ಒಂದು ಕ್ಷಣ ಅಕ್ಕನಿಗೆ ಆಡಿದ ಮಾತನ್ನು ನುಂಗಿಬಿಡಬೇಕೆನ್ನಿಸಿತು. ನುಂಗಲಿಲ್ಲ, ಕಾದಳು.

ಹುಡುಗಿ ಮೂಗು ಏರಿಸಿಕೊಂಡು, ಮಡಚಿದ ಕಾಲು ಬಿಡಿಸಿ, ಕುರ್ಚಿಯನ್ನು ಕಿರ್ರೆಂದು ಎಳೆದುಕೊಂಡು ಅಕ್ಕನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬಂದಳು.

"ಎಲ್ಲಿ?" ಎಂದಳು. "ಹೇಳಬೇಡಿ, ಹೇಳಬೇಡಿ. ಯಾವ ಕಡೆ ಅಂತ ಮಾತ್ರ ತೋರಿಸಿ. ನಾನೇ ಹಿಡೀತೀನಿ."